ಹುಸೇನಪ್ಪನ ಅಳತೆ

ಮಾರ್ಚ್ 3, ಸೋಮವಾರ

ತೂಕ 55.6. ಇರಬೇಕಾದದ್ದು 52.

ಹಫೀಜ್ ಅಪ್ಪನನ್ನು ಕಾಟಾದ ಮೇಲಿಂದ ಇಳಿಸಿ, ಅಂಕಿ ಬರೆದುಕೊಂಡು, ನನ್ನ ಮುಖ ನೋಡಿದ. ಡಯಾಲಿಸಿಸ್ ವಾರ್ಡಿನಲ್ಲಿ ಯಂತ್ರ ನಡೆಸುವ ಟೆಕ್ನಿಷಿಯನ್ ಅವನು. ಒಳ್ಳೆಯವನು, ಆದರೆ ಆ ನೋಟ ನನಗೆ ಬೇಡವಾಗಿತ್ತು. ಮನೆಯಲ್ಲಿ ನೀವು ಏನು ನೋಡಿಕೊಳ್ಳುತ್ತೀರಿ ಎಂದು ಕೇಳಿದ ಹಾಗಿತ್ತು.

ಕಿಡ್ನಿ ಎರಡೂ ಕೈಕೊಟ್ಟವರಿಗೆ ಕುಡಿದ ನೀರು ಮೈಯಲ್ಲೇ ನಿಲ್ಲುತ್ತದೆ. ಮೊದಲು ಕಾಲು ಬಾಯುತ್ತದೆ, ಆಮೇಲೆ ಎದೆಗೆ ಏರುತ್ತದೆ. ಒಂದು ಲೀಟರ್ ನೀರು, ಒಂದು ಕಿಲೋ ತೂಕ. ಐದನೇ ತರಗತಿಯ ಲೆಕ್ಕ ಇದು. ಸೋಮವಾರ, ಗುರುವಾರ ಯಂತ್ರ ಆ ನೀರನ್ನು ತೆಗೆಯುತ್ತದೆ. ದಿನಕ್ಕೆ ಏಳುನೂರು ಎಂ.ಎಲ್. ದಾಟಬಾರದು ಎಂದು ಡಾಕ್ಟರ್ ಹೇಳಿದ್ದಾರೆ. ಅದಕ್ಕೇ ಸರಿಯಾಗಿ ನೂರು ಎಂ.ಎಲ್. ಹಿಡಿಯುವ ಸ್ಟೀಲಿನ ಪುಟ್ಟ ಲೋಟ ತಂದು ಅಪ್ಪನ ಕೈಗೇ ಕೊಟ್ಟಿದ್ದೇನೆ. ದಿನಕ್ಕೆ ಏಳು ಲೋಟ. ನಾನು ಕಲ್ಮಲದ ಶಾಲೆಗೆ ಗಣಿತ ಕಲಿಸಲು ಹೋದಾಗ ಮನೆಯಲ್ಲಿ ಒಬ್ಬನೇ ಇರುತ್ತಾನೆ, ಗಡಿಗೆಯಿಂದ ತಾನೇ ಅಳೆದುಕೊಂಡು ಕುಡಿಯಲಿ ಎಂದು.

ಅಳೆಯುವುದು ಅವನ ಕಸುಬೇ ಅಲ್ಲವೆ? ದೇವದುರ್ಗದ ಸುತ್ತಲಿನ ಕಣಗಳಲ್ಲಿ ಸೇರು ಹಿಡಿದು ಜೋಳ ಅಳೆಯುತ್ತ ಮುದುಕನಾದವನು. ತೂಕದ ಯಂತ್ರ ಬಂದ ಮೇಲೂ ಮಂದಿ ಹೇಳಿಕಳಿಸುತ್ತಿದ್ದರು. ಹೊಲದ ಮಾಲಕರು, ಕೂಲಿಗೆ ಬಂದವರು, ಇಬ್ಬರೂ ‘ಹುಸೇನಪ್ಪನ ಅಳತಿ ಚೊಲೋ’ ಅನ್ನುತ್ತಿದ್ದರು. ಅಂಥವನಿಗೆ ಏಳು ಲೋಟ ನೀರು ಅಳೆಯಲು ಬರುವುದಿಲ್ಲವೆ?

ಆಟೋದಲ್ಲಿ ಕೇಳಿದೆ. “ಎಷ್ಟ್ ಕುಡ್ದಿ ಯಪ್ಪಾ? ಖರೇ ಹೇಳು.”

“ಏಳೇ ಕುಡ್ದೀನವ್ವಾ.”

“ಏಳು ಕುಡದ್ರ ಕಾಟಾ ಯಾಕ ಹಿಂಗ ತೋರಸ್ತದ?”

“ಅದಕ್ಕ ಕೇಳು.”

ಮೈಯೆಲ್ಲ ಉರಿಯಿತು.

ಮಾರ್ಚ್ 5, ಬುಧವಾರ

ತುರಿಕೆ, ತುರಿಕೆ, ತುರಿಕೆ. ಡಯಾಲಿಸಿಸ್ ಮಂದಿಗೆ ಇದು ಇದ್ದದ್ದೇ ಅಂತೆ. ಅಪ್ಪನ ಬೆನ್ನು ಒಣಗಿ ಬೂದಿ ಬಳಿದ ಹಾಗಾಗಿದೆ. ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ಎಮ್ಮೆಯ ಹಾಗೆ ತಿಕ್ಕುತ್ತಾನೆ. ಚೌಕಟ್ಟಿನ ಬಣ್ಣವೇ ಹೋಗಿದೆ.

ಪೋಸ್ಟಿನಲ್ಲಿ ಶಿಯಾ ಬೆಣ್ಣೆ ಬಂತು. ಆಫ್ರಿಕಾದ ಯಾವುದೋ ಮರದ ಬೀಜದಿಂದ ತೆಗೆದದ್ದು, ಒಂದು ಕಿಲೋ ಡಬ್ಬಿ. ವಾಸನೆಯದೇನೂ ಸೇರಿಸದಿದ್ದರೆ ಹಚ್ಚಬಹುದು ಎಂದು ಚರ್ಮದ ಡಾಕ್ಟರ್ ಒಪ್ಪಿದ್ದಾರೆ. ಮುಲಾಮು ಮಾಡುವ ಕ್ರಮ ಅಂತರ್ಜಾಲದಲ್ಲಿ ಸಿಕ್ಕಿತು: ಒಂದು ಕಪ್ ಶಿಯಾ ಬೆಣ್ಣೆ, ಅರ್ಧ ಕಪ್ ಕೊಬ್ಬರಿ ಎಣ್ಣೆ, ಗಟ್ಟಿಯಾಗಲು ಸ್ವಲ್ಪ ಜೇನುಮೇಣ.

ಕಪ್ ಅಂದರೆ ಯಾವ ಕಪ್? ನಮ್ಮ ಮನೆಯಲ್ಲೇ ನಾಲ್ಕು ಥರದವು ಇವೆ. ಅದು ಹೋಗಲಿ, ರಾಯಚೂರಿನ ಬಿಸಿಲಿಗೆ ಈ ಬೆಣ್ಣೆ ಬೆಳಿಗ್ಗೆ ಗಟ್ಟಿ, ಮಧ್ಯಾಹ್ನ ಪಾಯಸ. ಗಟ್ಟಿ ಇದ್ದಾಗ ಕಪ್ಪಿಗೆ ತುಂಬಿದರೆ ನಡುನಡುವೆ ಗಾಳಿ ಉಳಿಯುತ್ತದೆ, ಕರಗಿದಾಗ ತುಂಬಿದರೆ ಸಂದಿಲ್ಲದೆ ಕೂರುತ್ತದೆ. ಒಂದೇ ಕಪ್ಪಿಗೆ ಎರಡು ತೂಕ. ಹಾಗಾಗಿ ಕಪ್ಪಿನ ಲೆಕ್ಕವನ್ನೆಲ್ಲ ಗ್ರಾಮಿಗೆ ಇಳಿಸಿದೆ. ಕಪ್ ಅಂದರೆ 240 ಎಂ.ಎಲ್. ನೀರಾದರೆ 240 ಗ್ರಾಂ. ಶಿಯಾ ಬೆಣ್ಣೆ ನೀರಿಗಿಂತ ಹಗುರ, ಎಂ.ಎಲ್.ಗೆ 0.91 ಗ್ರಾಂ ಹಿಡಿದರೆ ಒಂದು ಕಪ್ಪಿಗೆ 218 ಗ್ರಾಂ. ಅಡುಗೆಮನೆಗೆ ಒಂದು ಪುಟ್ಟ ಡಿಜಿಟಲ್ ಕಾಟಾ ಕೂಡ ತಂದೆ.

ಅಪ್ಪ ನೋಡಿ ನಕ್ಕ. “ಮನಿ ತುಂಬ ಕಾಟಾ ಆದ್ವು. ಮನಷ್ಯಾಗ ಒಂದು, ಬೆಣ್ಣಿಗಿ ಒಂದು.”

“ತೂಕ ಸುಳ್ಳ ಹೇಳಂಗಿಲ್ಲ ಯಪ್ಪಾ” ಅಂದೆ. ಚುಚ್ಚಬೇಕೆಂದೇ ಅಂದೆ. ನಗು ನಿಲ್ಲಿಸಿದ.

ಮಾರ್ಚ್ 6, ಗುರುವಾರ

ತೂಕ 54.4.

ರಂಜಾನ್ ಉಪವಾಸ. ಹಫೀಜ್ ತುಟಿ ಒಣಗಿಸಿಕೊಂಡೇ ಓಡಾಡುತ್ತಿದ್ದ. ಅಪ್ಪ ಮಲಗಿದಲ್ಲಿಂದ, “ಹಫೀಜಾ, ನೀನೂ ನೀರ ಕುಡಿಯಂಗಿಲ್ಲ, ನಾನೂ ಕುಡಿಯಂಗಿಲ್ಲ. ನಿಂದರ ಸಂಜಿಗಿ ಬಿಡ್ತದ, ನಂದು ಯಾವಾಗ ಬಿಡ್ತದಪ್ಪಾ?” ಅಂದ. ಹಫೀಜ್ ಅಪ್ಪನ ಕೈಹಿಡಿದು, “ಕಾಕಾ, ಸ್ವಲ್ಪ ತಡಕೋರಿ” ಅಂದ. ವಾರ್ಡೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಕದ್ದು ಕುಡಿಯುವವನಿಗೆ ತಮಾಷೆ ಬೇರೆ ಕೇಡು.

ಡಾಕ್ಟರ್ ನನ್ನನ್ನು ಹೊರಗೆ ಕರೆದು ಹೇಳಿದರು. ಹೃದಯ ಮೊದಲೇ ಸೋತಿದೆ, ಹೀಗೇ ನೀರು ಏರಿದರೆ ಒಂದು ದಿನ ಉಸಿರು ಸಿಗುವುದಿಲ್ಲ, ಆಮೇಲೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಮಾರ್ಚ್ 8, ಶನಿವಾರ

ಮುಲಾಮು ಕೆಟ್ಟಿತು. ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಮೇಣವನ್ನು ನಾನೇ ತೂಗಿಟ್ಟು, “ಬೆಣ್ಣಿ ಎರಡು ಕಪ್ಪು, ಎಣ್ಣಿ ಒಂದು ಕಪ್ಪು ಅಳದು ಹಾಕು, ಒಲಿ ಸಣ್ಣಗಿರ್ಲಿ” ಎಂದು ಅಪ್ಪನಿಗೆ ಹೇಳಿ ಹೋಗಿದ್ದೆ. ಕೈಗೆ ಒಂದು ಕೆಲಸ ಇದ್ದರೆ ಗಡಿಗೆಯ ಕಡೆ ಹೋಗುವುದು ಕಡಿಮೆಯಾದೀತು ಎಂಬ ಆಸೆ. ಸಂಜೆ ನೋಡಿದರೆ ಮುಲಾಮು ಗಟ್ಟಿಯಾಗಿಯೇ ಇಲ್ಲ, ಜಾರುತ್ತಿದೆ. ಮೇಣ ಸಾಲದಾಗಿದೆ. ಲೆಕ್ಕ ಮತ್ತೆ ಮಾಡಿದೆ, ಸರಿಯಾಗಿಯೇ ಇದೆ. ಆ ಜಾಲತಾಣದವರದೇ ತಪ್ಪು. ನಾಲ್ಕು ಮಂದಿ ಓದುತ್ತಾರೆ ಎಂಬ ಹೆದರಿಕೆ ಇಲ್ಲದೆ ಬರೆದುಬಿಡುತ್ತಾರೆ.

ಬೆನ್ನಿಗೆ ಅದನ್ನೇ ಹಚ್ಚಿದೆ. “ತಂಪ ಅನಸ್ತದ” ಅಂದ. ಅಷ್ಟಾದರೂ ಆಯಿತು.

ಮಾರ್ಚ್ 10, ಸೋಮವಾರ

ತೂಕ 56.3.

ಬರೆಯಲು ಕೈ ಬರುತ್ತಿಲ್ಲ. ಬೆಳಿಗ್ಗೆಯೇ ಕೂತಲ್ಲಿ ಏದುಸಿರು. ಆಟೋದಲ್ಲಿ ನನ್ನ ಭುಜಕ್ಕೆ ಒರಗಿದವನ ಎದೆಯಿಂದ ಗೊರಗೊರ ಸದ್ದು. ವಾರ್ಡಿಗೆ ಹೋದೊಡನೆ ಆಕ್ಸಿಜನ್ ಹಾಕಿದರು. ಯಂತ್ರ ನೀರು ಎಳೆಯುತ್ತ ಹೋದ ಹಾಗೆ ಉಸಿರು ತಿಳಿಯಾಯಿತು. ಅಲ್ಲಿಯವರೆಗೆ ನಾನು ಗೋಡೆ ಹಿಡಿದು ನಿಂತಿದ್ದೆ. ಅವನು ಕಣ್ಣು ಬಿಟ್ಟು ನೋಡಿದ್ದೇ ತಡ, ನನ್ನ ಹೆದರಿಕೆಯೆಲ್ಲ ಸಿಟ್ಟಾಗಿ ಹೊರಬಿತ್ತು.

“ಸುಳ್ಳ ಹೇಳ್ತಿ ಯಪ್ಪಾ ನೀನು! ಇಷ್ಟ ವಯಸ್ಸಾಗಿ ಸುಳ್ಳ ಹೇಳ್ತಿ! ಏಳು ಕುಡದ್ರ ಇಷ್ಟ ಬರಾಕ ಸಾಧ್ಯನ ಇಲ್ಲ!”

ಇಡೀ ವಾರ್ಡು ತಿರುಗಿ ನೋಡಿತು. ಪಕ್ಕದ ಮಂಚದ ಗಿಲ್ಲೆಸುಗೂರಿನ ಬೂದೆಪ್ಪನವರು ಮುಖ ಆಚೆ ಮಾಡಿದರು. ಅಪ್ಪ ಆಕ್ಸಿಜನ್ ಮಾಸ್ಕಿನೊಳಗಿಂದ, “ನಿಮ್ಮವ್ವನ ಆಣಿ, ಏಳೇ ಕುಡ್ದೀನಿ” ಅಂದ.

ಸತ್ತ ಅವ್ವನನ್ನೂ ಎಳೆದು ತಂದ. ಅದನ್ನು ನಾನು ತಡೆಯಲಾರದಾದೆ. “ಇನ್ನ ಮ್ಯಾಲ ನಿನ್ನ ಮಾತ ನಾ ನಂಬಂಗಿಲ್ಲ” ಅಂದುಬಿಟ್ಟೆ.

ಮನೆಗೆ ಬಂದವಳೇ ಗಡಿಗೆ ಖಾಲಿ ಮಾಡಿದೆ. ನಾಳೆಯಿಂದ ಅಡುಗೆಮನೆಗೆ ಬೀಗ. ಏಳುನೂರು ಎಂ.ಎಲ್. ಬಾಟಲಿಗೆ ತುಂಬಿ ಇಟ್ಟು ಹೋಗುತ್ತೇನೆ, ಅಷ್ಟೇ. ಬಚ್ಚಲಿನ ನಲ್ಲಿಯ ಸವಳು ನೀರನ್ನು ಯಾರೂ ಬಾಯಿಗೆ ಹಾಕುವುದಿಲ್ಲ.

ಮಾರ್ಚ್ 11, ಮಂಗಳವಾರ

ಬೀಗ ಹಾಕಿದೆ. ಸಂಜೆ ಬಾಟಲಿಯಲ್ಲಿ ಅರ್ಧ ನೀರು ಹಾಗೇ ಇತ್ತು. ನೋಡಿದೆಯಾ, ಮನಸ್ಸು ಮಾಡಿದರೆ ಆಗುತ್ತದೆ.

ಮಾರ್ಚ್ 13, ಗುರುವಾರ

ತೂಕ 53.0. ಬರೀ ಒಂದು ಕಿಲೋ!

ಹಫೀಜ್ “ಶಾಭಾಸ್ ಕಾಕಾ” ಅಂದ. ಅಪ್ಪ ಗೋಡೆಗೆ ಮುಖ ಮಾಡಿ ಮಲಗಿದ. ಕೊನೆಯ ಗಂಟೆಯಲ್ಲಿ ಕಾಲು ಸೆಟೆದು ಒದ್ದಾಡಿದ, ಬಿ.ಪಿ. ಇಳಿದಿದೆ ಅಂದರು. ಆದರೂ ತೂಕ ಬಂತಲ್ಲ. ಮಾನ್ವಿಗೆ ಫೋನು ಮಾಡಿ ತಮ್ಮ ಜಗದೀಶನಿಗೆ ಹೇಳಿದೆ. “ಅಕ್ಕಾ, ಅಪ್ಪ ಫೋನಿನ್ಯಾಗ ಬರೇ ಹ್ಞೂಂ ಹ್ಞೂಂ ಅಂತಾನಲ್ಲ, ಏನಾಗ್ಯದ?” ಅಂದ. ಏನಾಗಿಲ್ಲ. ಕಳ್ಳಾಟ ನಿಂತಿದೆ, ಮುನಿಸಿಕೊಂಡಿದ್ದಾನೆ, ಅಷ್ಟೆ.

ಮಾರ್ಚ್ 16, ಭಾನುವಾರ

ಇವತ್ತಿನದನ್ನು ಹೇಗೆ ಬರೆಯಲಿ.

ಮುಲಾಮು ಮತ್ತೆ ಮಾಡಲು ಕೂತೆ. ಅಪ್ಪ ಮೂಲೆಯಲ್ಲಿ ಗೋಡೆ ನೋಡುತ್ತ ಕೂತಿದ್ದ. ಮಾತಿಗೆ ಎಳೆಯೋಣವೆಂದು ಅಡುಗೆಮನೆಗೆ ಕರೆದು ಕಪ್ಪು ಕೈಗಿಟ್ಟೆ. “ಬೆಣ್ಣಿ ಅಳದು ಕೊಡು, ನಾ ತೂಗ್ತೀನಿ.” ಬೆಣ್ಣೆ ತುಪ್ಪದ ಹದಕ್ಕೆ ಮೆತ್ತಗಿತ್ತು. ಅವನು ತುಂಬಿ ಪಾತ್ರೆಗೆ ಸುರಿದ. “ಲಾಭ” ಅಂದ. ಕಣದಲ್ಲಿ ಒಂದು ಎಂದು ಎಣಿಸುವುದಿಲ್ಲ, ಮೊದಲನೆಯದು ಲಾಭ. ಇಷ್ಟು ದಿನಗಳಲ್ಲಿ ಬಾಯಿಂದ ಬಂದ ಮೊದಲ ಮಾತು ಅದು. ಕಾಟಾ 250 ಗ್ರಾಂ ತೋರಿಸಿತು.

218 ಇರಬೇಕು. ಸುರಿದದ್ದನ್ನು ಡಬ್ಬಿಗೆ ಮರಳಿ ಹಾಕಿ, ಕಾಟಾ ಸೊನ್ನೆಗೆ ತಂದು ಕಪ್ಪು ಮತ್ತೆ ಕೊಟ್ಟೆ. 251. ಇನ್ನೊಮ್ಮೆ. 249. ನಾನೇ ಒಂದು ಕಪ್ಪು ಅಳೆದೆ. 218, ಗೆರೆ ಕೊರೆದ ಹಾಗೆ. ಜಾಲತಾಣ ತಪ್ಪು ಹೇಳಿರಲಿಲ್ಲ, ನನ್ನ ಲೆಕ್ಕವೂ ತಪ್ಪಿರಲಿಲ್ಲ.

“ಇನ್ನೊಂದು ಅಳಿ ಯಪ್ಪಾ” ಅಂದು ಈ ಸಲ ಕಾಟಾ ಬಿಟ್ಟು ಅವನ ಕೈ ನೋಡಿದೆ. ಕಪ್ಪು ತುಂಬಿದ. ಅಂಗೈ ಅಂಚಿನಿಂದ ಸವರಿ ಸಮ ಮಾಡಿದ. ಪಾತ್ರೆಗೆ ಸುರಿದ. ಆಮೇಲೆ ಡಬ್ಬಿಯಿಂದ ನಾಲ್ಕು ಬೆರಳಲ್ಲಿ ಇನ್ನಿಷ್ಟು ಬೆಣ್ಣೆ ತೆಗೆದು ಪಾತ್ರೆಗೆ ಹಾಕಿದ.

“ಅದೇನದು?”

“ಕೊಸರು.”

“ಅದನ್ನ ಲೆಕ್ಕಕ್ಕ ಹಿಡಿಯಂಗಿಲ್ಲೇನು?”

ಹುಚ್ಚಿಯನ್ನು ನೋಡುವ ಹಾಗೆ ನೋಡಿದ. “ಕೊಸರ ಯಾರ ಎಣಸ್ತಾರವ್ವಾ? ಅಳತಿ ಅಂದಮ್ಯಾಲ ಕೊಸರ ಹಾಕ್ಬೇಕು. ಬರೇ ಅಳತಿ ಕೊಟ್ಟು ಕೈ ಝಾಡಿಸಿದ್ರ ಕಣಕ್ಕ ಬರಕತ್ತು ಏಳಿಗಿ ಇರಂಗಿಲ್ಲ.”

ಹಳೆಯ ಗಡಿಗೆ ತುಂಬಿ ತಂದೆ. ಆ ಪುಟ್ಟ ಲೋಟ ಕೈಗೆ ಕೊಟ್ಟು, “ನೀ ದಿನಾ ಹ್ಯಾಂಗ ಕುಡೀತಿದ್ದಿ, ಹಂಗ ಒಂದು ನೀರ ಅಳದು ಇದರಾಗ ಹಾಕು” ಎಂದು ಒಂದು ಪಾತ್ರೆ ಇಟ್ಟೆ. ಲೋಟ ತುಂಬಿ ಸುರಿದ. ಮತ್ತೆ ಗಡಿಗೆಗೆ ಅದ್ದಿ, ಒಂದು ಗುಟುಕಿನಷ್ಟು ತೆಗೆದು, ಅದನ್ನೂ ಸುರಿದ. ತೂಗಿದೆ. 136.

ಏಳು ಲೋಟಕ್ಕೆ ದಿನಕ್ಕೆ ಕಾಲು ಲೀಟರ್ ಹೆಚ್ಚು. ನಾಲ್ಕು ದಿನಕ್ಕೆ ಒಂದು ಕಿಲೋ. ಎದೆಗೇರಿದ ನೀರು ಇದೇ.

ಅವನು ಏಳೇ ಕುಡಿದಿದ್ದ. ಅವ್ವನ ಮೇಲಿಟ್ಟ ಆಣೆ ಖರೆ.

“ಯಪ್ಪಾ, ತಪ್ಪಾತು. ನಾ ನಿನಗ ಸುಳ್ಳ ಹೇಳ್ತಿ ಅಂದೆ” ಎಂದೆ. ಅವನಿಗೂ ತಿಳಿಯಿತು ಎಂದು ಕಾಣುತ್ತದೆ, ಲೋಟವನ್ನೇ ನೋಡುತ್ತಿದ್ದ. “ಮಂದ್ಯಾಗ ಅಂದ್ಯಲ್ಲವ್ವಾ” ಅಂದ. ಲೋಟ ಕೆಳಗಿಟ್ಟು ಎದ್ದುಹೋದ. ಅಲ್ಲೇ ಕೂತು ಅತ್ತೆ.

ಆಮೇಲೆ ಬಾಟಲಿ ನೆನಪಾಯಿತು. ನಾಲ್ಕು ದಿನದಿಂದ ಅರ್ಧ ಉಳಿಯುತ್ತಿದ್ದದ್ದು, ನಿನ್ನೆ ಮುಚ್ಚಳವೇ ತೆಗೆದಿರಲಿಲ್ಲ.

ಮಾರ್ಚ್ 17, ಸೋಮವಾರ

ತೂಕ 51.5. ಇರಬೇಕಾದದ್ದಕ್ಕಿಂತ ಕಡಿಮೆ.

ಯಂತ್ರ ಹಚ್ಚಿದ ಸ್ವಲ್ಪ ಹೊತ್ತಿಗೇ ಕಣ್ಣು ಮೇಲಾಯಿತು. ಹಫೀಜ್ ಓಡಿಬಂದು ಕಾಲು ಎತ್ತಿ ಹಿಡಿದು, ನೀರು ತೆಗೆಯುವುದನ್ನು ನಿಲ್ಲಿಸಿ, ಸಲೈನ್ ಬಿಟ್ಟ. “ಟೀಚರ್, ನೀರ ಪೂರಾ ಬಂದ ಮಾಡ್ಬ್ಯಾಡ್ರೀ. ಇದೂ ಜೀವಕ್ಕ ಅಪಾಯನ ಅದ” ಅಂದ. ಅಪ್ಪನ ಬಾಯಿಗೆ ಒಂದು ಗುಟುಕು ಹಿಡಿದೆ. ತುಟಿ ಮುಚ್ಚಿಕೊಂಡ.

ಮಾರ್ಚ್ 19, ಬುಧವಾರ

ಜಗದೀಶ ಮಾನ್ವಿಯಿಂದ ಬಂದ. ಅಪ್ಪ ಅವನೊಡನೆ ಮಾತಾಡಿದ. “ನನ್ನ ದೇವದುರ್ಗಕ್ಕ ಬಿಟ್ಟು ಬಾ. ಆ ಮಶೀನ ಬ್ಯಾಡ, ಈ ಲೋಟ ಬ್ಯಾಡ. ಸುಳ್ಳ ಅನಿಸಿಕೊಂಡು ಬದುಕದು ಸಾಕು.”

“ಅಲ್ಲಿ ಡಯಾಲಿಸಿಸ್ ಬಿಟ್ಟು ಎಷ್ಟ ದಿನ ಇರ್ತಿ?” ಎಂದು ಜಗದೀಶ ಗದರಿದ.

“ಇದ್ದಷ್ಟ.”

ಜಗದೀಶ ಹೊರಗೆ ಬಂದು ನನ್ನನ್ನು ತರಾಟೆಗೆ ತೆಗೆದುಕೊಂಡ. “ಅಕ್ಕಾ, ನೀ ಸಾಲಿ ಹುಡುಗರಿಗಿ ಬೈದಂಗ ಅಪ್ಪಗ ಬೈದ್ರ ಹ್ಯಾಂಗ?”

ಮಾರ್ಚ್ 20, ಗುರುವಾರ

ಆಟೋ ಬಂದು ನಿಂತು ಹೋಯಿತು. ಅಪ್ಪ ಏಳಲಿಲ್ಲ.

ಮಾರ್ಚ್ 21, ಶುಕ್ರವಾರ

ತೀನ್ ಕಂದೀಲ್ ಹತ್ತಿರದ ಪಾತ್ರೆ ಅಂಗಡಿಗಳನ್ನೆಲ್ಲ ಸುತ್ತಿದೆ. ಬಹಳ ಬುದ್ಧಿವಂತಿಕೆ ಮಾಡಿದೆ ಎಂದುಕೊಂಡಿದ್ದೆ. ಎಪ್ಪತ್ತು ಎಂ.ಎಲ್. ಹಿಡಿಯುವ ಲೋಟ, ನೋಡಲು ಹಳೆಯದರ ಹಾಗೆಯೇ. ಕೊಸರು ಹಾಕಿಕೊಂಡರೂ ನೂರು ದಾಟುವುದಿಲ್ಲ, ಅವನ ಮನಸ್ಸೂ ಉಳಿಯುತ್ತದೆ, ಎದೆಯೂ ಉಳಿಯುತ್ತದೆ.

ಅಪ್ಪ ಲೋಟವನ್ನು ಕೈಯಲ್ಲಿ ಒಮ್ಮೆ ತಿರುಗಿಸಿದ. “ಕಳ್ಳ ಅಳತಿ ತಂದೀ?” ಅಂದ. ಸಿಟ್ಟಿಲ್ಲ, ದನಿಯೇ ಇಲ್ಲ. “ಕಣದಾಗ ಇಂಥಾದು ಹಿಡಕೊಂಡು ಬಂದವರಿಗಿ ಹೊಡದು ಕಳಸ್ತಿದ್ರು.”

ಅವನಿಗೆ ಮೋಸ ಮಾಡಹೋದೆನಲ್ಲ. ಅನ್ನ ಸಾರಿನ ನೀರೇ ಸಾಕಾಯಿತೇನೋ, ಕಾಲು ಬಾಯಲು ಶುರುವಾಗಿದೆ. ಮೊದಲಿನಷ್ಟು ನೀರು ಕುಡಿಯದಿದ್ದರೂ ರಕ್ತದ ವಿಷ ಯಂತ್ರವಿಲ್ಲದೆ ಹೋಗುವುದಿಲ್ಲ. ನನಗೆ ಭಯವಾಗುತ್ತಿದೆ. ಯಾರಿಗೆ ಹೇಳಲಿ.

ಮಾರ್ಚ್ 22, ಶನಿವಾರ

ಹಿಂದಿನ ಲೋಟವನ್ನೇ ತೆಗೆದುಕೊಂಡು, ಗಡಿಗೆ ತುಂಬಿಸಿ, ಅವನ ಮುಂದೆ ನೆಲದ ಮೇಲೆ ಕೂತೆ.

“ಯಪ್ಪಾ, ಒಂದು ಕೇಳ್ತೀನಿ. ಕಣದಾಗ ಕೊಸರ ಯಾರು ಹಾಕ್ತಾರ? ಅಳದು ಕೊಡಾವ್ರೋ, ಇಸಗೊಳ್ಳಾವ್ರೋ?”

“ಅಳದು ಕೊಡಾವ್ರು.”

“ಹಂಗಾದ್ರ ತನಗ ತಾನೇ ಕೊಸರ ಹಾಕ್ಕೊಳ್ಳಾಕ ಬರ್ತದೇನು?”

ಹಣೆ ಗಂಟಿಕ್ಕಿದ. “ಬರಂಗಿಲ್ಲ” ಅಂದ ಕೊನೆಗೆ.

“ಇನ್ನ ಮ್ಯಾಲ ನಾ ಅಳದು ಕೊಡ್ತೀನಿ. ಪೂರಾ ಅಳತಿ, ಇದೇ ಲೋಟ. ಹಗಲೆಲ್ಲ ಆರು. ಸಂಜಿ ಮುಂದ ಆರರ ಕೊಸರೂ ಕೂಡಿಸಿ ಒಮ್ಮೆಗೇ ಕೊಡ್ತೀನಿ, ತುಂಬ ಒಂದು ಲೋಟ. ಅದು ಎಣಿಕ್ಯಾಗ ಇಲ್ಲ.”

“ಕೊಸರೇ ಒಂದು ಲೋಟ?”

“ಹೌದು.”

“ಅಷ್ಟ ಕೊಸರ ಯಾರೂ ಕೊಡಂಗಿಲ್ಲ ಬಿಡವ್ವಾ” ಅಂದ. ತುಟಿಯ ಮೂಲೆ ಒಂದಿಷ್ಟು ಅಲುಗಿತು. ಲೋಟ ತುಂಬಿ ಮುಂದೆ ಹಿಡಿದೆ. ಬಹಳ ಹೊತ್ತು ನೋಡಿ, ತೆಗೆದುಕೊಂಡು, ಕುಡಿದ. “ಲಾಭ” ಅಂದೆ ನಾನು.

ಹಫೀಜ್‌ಗೆ ಫೋನು ಮಾಡಿದೆ. ಮಧ್ಯಾಹ್ನ ಒಂದು ಮಂಚ ಖಾಲಿ ಮಾಡಿಸಿಕೊಟ್ಟ. ಅಪ್ಪ ಬಂದ, ಮಲಗಿದ. ಹೃದಯ ಇನ್ನಷ್ಟು ಸೋತಿದೆ ಎಂದು ಡಾಕ್ಟರ್ ಹೇಳಿದರು. ತೂಕ 53.2.

ಮಾರ್ಚ್ 25, ಮಂಗಳವಾರ

ಶಾಲೆಯಲ್ಲಿ ಕೇಳಿಕೊಂಡು ಬೇಗ ಬರುತ್ತಿದ್ದೇನೆ. ನಾನಿಲ್ಲದ ಹೊತ್ತಿಗೆ ಬೇಕಾದ ಲೋಟಗಳನ್ನು ಅಳೆದು ಸಾಲಾಗಿ ಮುಚ್ಚಿಟ್ಟು ಹೋಗುತ್ತೇನೆ. ಬೀಗ ಎಲ್ಲಿಟ್ಟೆನೋ, ಕಾಣುತ್ತಿಲ್ಲ. ಸಂಜೆ ಮಸೀದಿಯ ಬಾಂಗ್ ಕೇಳಿದ ಕೂಡಲೇ ಅಪ್ಪ ಕೈ ಚಾಚುತ್ತಾನೆ. “ಹಫೀಜಂದೂ ಬಿಡ್ತು, ನಂದೂ ಬಿಡ್ತು” ಎನ್ನುತ್ತ ಕೊಸರು ಕುಡಿಯುತ್ತಾನೆ, ಕಣ್ಣು ಮುಚ್ಚಿ, ನಿಧಾನಕ್ಕೆ.

ಮುಲಾಮು ಈ ಸಲ ಹದವಾಗಿ ಬಂದಿದೆ. ಬೆಣ್ಣೆಯನ್ನು ಅವನೇ ಅಳೆದ, ಕೊಸರು ಸಮೇತ. ನಾನು ಅದನ್ನೆಲ್ಲ ತೂಗಿ, ಅದಕ್ಕೆ ತಕ್ಕ ಮೇಣ ಹೆಚ್ಚು ಹಾಕಿದೆ. ಬೆನ್ನಿಗೆ ಹಚ್ಚುವಾಗ ಬೆನ್ನೆಲುಬು ಒಂದೊಂದೂ ಕೈಗೆ ಸಿಗುತ್ತದೆ. ಎಷ್ಟು ಇಳಿದುಹೋಗಿದ್ದಾನೆ.

ಮಾರ್ಚ್ 30, ಭಾನುವಾರ. ಯುಗಾದಿ

ಬಿಸಿಲು ಸುಟ್ಟು ಹಾಕುತ್ತಿದೆ. ಬೇವು ಕಲಸಿದೆ. ಅಪ್ಪನಿಗೆ ಎಷ್ಟು ಕೊಡಬಹುದೆಂದು ಮೊದಲೇ ಹಫೀಜ್‌ನನ್ನು ಕೇಳಿದ್ದೆ, ಎರಡು ಚಮಚ ಸಾಕು ಅಂದಿದ್ದ. ಕೊಟ್ಟೆ. ನೆಕ್ಕಿ, ಖಾಲಿ ಚಮಚ ಹಿಡಿದುಕೊಂಡೇ ಕೂತ. ಹಬ್ಬದ ದಿನ, ಬಾಯಿ ಒಣಗಿ ನಾಲಗೆ ಅಂಗುಳಕ್ಕೆ ಅಂಟಿದೆ. ಕೇಳಲಿಲ್ಲ. ಕೇಳಿದ್ದರೆ ಇಲ್ಲ ಅನ್ನುತ್ತಿದ್ದೆನೋ ಏನೋ.

ಆರು ಲೋಟ ಆಗಿತ್ತು, ಸಂಜೆಯ ಕೊಸರೂ ಆಗಿತ್ತು. ಇನ್ನೊಂದು ತುಂಬಿ ಕೊಟ್ಟೆ. ಅದಾದ ಮೇಲೆ ಮತ್ತೊಂದು.

“ಇದು ಯಾವ ಲೆಕ್ಕದ್ದವ್ವಾ?”

“ಕುಡಿ ಯಪ್ಪಾ, ಹಬ್ಬ ಅದ.”

ಮಾರ್ಚ್ 31, ಸೋಮವಾರ

ಇವತ್ತು ರಂಜಾನ್, ಹಫೀಜ್‌ಗೆ ಹಬ್ಬದ ರಜೆ. ಅವನ ಜಾಗಕ್ಕೆ ಬಂದವನು ಎಂಥ ಮನುಷ್ಯನೋ. ಅಪ್ಪನ ಮುಖ ಕೂಡ ನೋಡಲಿಲ್ಲ, ಕಾಟಾದ ಅಂಕಿಯನ್ನೇ ನೋಡುತ್ತಿದ್ದ. ಒಬ್ಬ ಮುದುಕ ನಿಂತಿದ್ದಾನೆ, ಕಾಲು ನಡುಗುತ್ತಿವೆ, ಕೂಡ್ರಿ ಅನ್ನುವುದಿಲ್ಲ. ಇಂಥವರನ್ನು ಯಾಕಾದರೂ ಈ ಕೆಲಸಕ್ಕೆ ತೆಗೆದುಕೊಳ್ಳುತ್ತಾರೋ.

ಅಪ್ಪನನ್ನು ಮಲಗಿಸಿ ಸೂಜಿ ಹಾಕಿದ ಮೇಲೆ, ಎಲ್ಲರಿಗೂ ಕೇಳುವ ಹಾಗೆ ಶುರುಮಾಡಿದ. “ಏನಜ್ಜಾ, ಇಷ್ಟ ಏರ್ಸಿಕೊಂಡು ಬಂದೀಯಲ್ಲ? ಎಷ್ಟ ನೀರ ಕುಡ್ದಿ? ಖರೇ ಹೇಳು. ನೀವೆಲ್ಲ ಕದ್ದು ಕುಡೀತೀರಿ, ಆಮ್ಯಾಲ ಆಣಿ ಮಾಡ್ತೀರಿ.”

ವಾರ್ಡು ತಿರುಗಿ ನೋಡಿತು. ಬೂದೆಪ್ಪನವರು ಮುಖ ಆಚೆ ಮಾಡಿದರು.

“ಅಂವ ಕದ್ದಿಲ್ಲರೀ” ಅಂದೆ. “ನಾ ಅಳದು ಕೊಟ್ಟೀನಿ. ಹೆಚ್ಚಿಂದೂ ನಾನೇ ಕೊಟ್ಟೀನಿ. ಏನ ಅನ್ನೋದಿದ್ರೂ ನನಗ ಅನ್ರಿ.”

ಅವನಿಗೆ ನಾಲಗೆ ಸಿಕ್ಕಂತಾಯಿತು. ಓದಿದವರು ನೀವೇ ಹಿಂಗ ಮಾಡಿದ್ರ ಹ್ಯಾಂಗ್ರಿ, ನಿಮಗ ಅಳತಿ ಗೊತ್ತಾಗಂಗಿಲ್ಲೇನು, ಪೇಷಂಟ ಹೋದ್ರ ಯಾರ ಜಿಮ್ಮೇದಾರು ಎಂದು ಬೈಯುತ್ತಲೇ ಇದ್ದ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ತಲೆ ತಗ್ಗಿಸಿ ಕೇಳಿಸಿಕೊಂಡೆ.

ಅಪ್ಪ ಸೂಜಿ ಇಲ್ಲದ ಕೈ ಎತ್ತಿದ. “ಏ ತಮ್ಮಾ, ಆಕಿಗಿ ಬೈಬ್ಯಾಡ” ಅಂದ. ಉಸಿರು ಸಾಲದೆ ಒಂದಿಷ್ಟು ತಡೆದು, ಇಡೀ ವಾರ್ಡಿಗೆ ಕೇಳುವ ಹಾಗೆ ಹೇಳಿದ.

“ಆಕಿ ಅಳತಿ ಚೊಲೋ ಅದ.”